ಕಲ್ಲಾದ ರಾಜಕುಮಾರ ಮತ್ತು ನೆಲ್ಲಿಕಾಯಿಯ ಜಾಡಿ

ಬಹಳ ಬಹಳ ಹಿಂದೆ, ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಹೊನ್ನೆಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರ ವೀರಮಾರ ಜೌಗು ನೆಲಕ್ಕೆ ಕಾಲುವೆ ತೋಡಿಸಿ ಜನರಿಗೆ ಗದ್ದೆ ಮಾಡಿಕೊಟ್ಟ. ಆ ಜೌಗಿನಲ್ಲಿ ವಾಸವಿದ್ದ ಮಾಂತ್ರಿಕ ಕೆಸರಕೇತನಿಗೆ ಸಿಟ್ಟು ಬಂತು. ಒಂದು ಹಿಡಿ ಕೆಸರು ಎರಚಿದ. ರಾಜಕುಮಾರ ನಿಂತಲ್ಲೇ ಕಲ್ಲಾದ.

ರಾಣಿ ಅನ್ನನೀರು ಬಿಟ್ಟಳು. ಆಗ ಬೆಟ್ಟದಿಂದ ಒಬ್ಬ ಅಜ್ಜಿ ಮಡಿಲ ತುಂಬ ನೆಲ್ಲಿಕಾಯಿ ತಂದಳು.

“ತಾಯೀ, ಈ ಮರ ನೂರು ವರ್ಷಕ್ಕೊಮ್ಮೆ ಕಾಯಿ ಬಿಡುತ್ತದೆ. ಇವತ್ತಿನಿಂದ ಒಂದು ವರ್ಷ ತುಂಬುವ ದಿನ ಒಂದು ಕಾಯನ್ನು ಮಗನ ತುಟಿಗಿಡು. ಕಾಯಿ ಕೆಡದಿದ್ದರೆ ಜೀವ ಬರುತ್ತದೆ. ಕೆಟ್ಟಿದ್ದರೆ ಕಲ್ಲು ಪುಡಿಯಾಗುತ್ತದೆ.”

ವರ್ಷವಿಡೀ ಕಾಯಿ ಕೆಡದಂತೆ ಕಾಪಾಡುವವರು ಯಾರು? ಮಂತ್ರಿಗಳು ಹಿಂದೆ ಸರಿದರು. ಉಗ್ರಾಣದ ಕೆಲಸದ ನಾಗಲೆ ಸೆರಗು ಕಟ್ಟಿ ಮುಂದೆ ಬಂದಳು. ನೀರು ಕುದಿಸಿ, ಉಪ್ಪು ಕರಗಿಸಿ, ಆರಲು ಬಿಟ್ಟಳು. ಬಿಸಿಲಲ್ಲಿ ಒಣಗಿಸಿದ ಜಾಡಿಗೆ ಕಾಯಿ ತುಂಬಿ, ಮುಳುಗುವಷ್ಟು ಉಪ್ಪುನೀರು ಸುರಿದಳು. ಕಾಯಿ ತೇಲದಂತೆ ತೊಳೆದೊಣಗಿಸಿದ ಕಲ್ಲು ಹೇರಿ, ಬಾಯಿಗೆ ಬಟ್ಟೆ ಕಟ್ಟಿದಳು.

ಬೇಸಿಗೆಯಲ್ಲಿ ಮಾಂತ್ರಿಕ ಬೆಂಕಿಹಕ್ಕಿಯನ್ನು ಕಳಿಸಿದ. ಅದು ಕಿಟಕಿಯಲ್ಲಿ ಕೂತು ರೆಕ್ಕೆ ಬಡಿಯಿತು. ಉಗ್ರಾಣ ಒಲೆಯಂತಾಯಿತು. ನಾಗಲೆ ಜಾಡಿಯನ್ನೆತ್ತಿ ನೆಲಮಾಳಿಗೆಗೆ ಒಯ್ದು, ತಣ್ಣನೆ ಮರಳಿನಲ್ಲಿ ಹುಗಿದಿಟ್ಟಳು. ಹಕ್ಕಿ ತನ್ನ ಬಿಸಿಗೆ ತಾನೇ ಬೂದಿಯಾಯಿತು.

ಮಳೆಗಾಲದಲ್ಲಿ ಅವನು ಕಳಿಸಿದ ಏಳು ನಾಲಿಗೆಯ ಹಾವು ಬಂದು ಉಪ್ಪುನೀರು ಹೀರಿತು. ನಾಗಲೆ ಒನಕೆ ಬೀಸಿ ಓಡಿಸುವಷ್ಟರಲ್ಲಿ ಕಾಯಿಗಳು ಹೊರಗೆ ಕಂಡವು.

“ಬೇಗ ಒಂದು ಚೊಂಬು ನೀರು ಸುರಿಯೇ!” ಎಂದಳು ಜೊತೆಯವಳು.

“ಬೇಡ ಕಣೇ, ಬರೀ ನೀರಿಗೆ ಬೂಷ್ಟು ಹಿಡಿಯುತ್ತದೆ.” ನಾಗಲೆ ಮತ್ತೆ ಕುದಿಸಿ, ಉಪ್ಪು ಹಾಕಿ, ಆರಿಸಿಯೇ ಸುರಿದಳು.

ವರ್ಷ ತುಂಬಲು ಒಂದೇ ದಿನವಿತ್ತು. ರಾಣಿಯೇ ಅಳುತ್ತ ಬಂದಳು. “ನಾಗಲೆ, ಒಂದು ಕಾಯಿ ಮುಟ್ಟಿ ನೋಡುತ್ತೇನೆ. ತಾಯಿಕರುಳು ತಡೆಯುತ್ತಿಲ್ಲ.”

ನಾಗಲೆಯ ಎದೆ ಕರಗಿತು. ರಾಣಿಗೆ ಇಲ್ಲವೆಂದರೆ ತಲೆ ಹೋದೀತು. ಆದರೂ ಒಣಬಟ್ಟೆ ಚಾಚಿದಳು. “ಒದ್ದೆ ಕೈ ತಾಗಬಾರದು ತಾಯಿ. ಒರೆಸಿಕೊಳ್ಳಿ, ಮರದ ಸೌಟು ಕೊಡುತ್ತೇನೆ.”

ರಾಣಿ ಒರೆಸಿದಳು, ಮತ್ತೆ ಒರೆಸಿದಳು. ಬಟ್ಟೆ ತೊಯ್ದು ತೊಟ್ಟಿಕ್ಕಿತು, ಕೈ ಮಾತ್ರ ಒಣಗಲಿಲ್ಲ.

“ನೀನು ನಮ್ಮ ತಾಯಿಯಲ್ಲ!” ನಾಗಲೆ ಉಪ್ಪಿನ ಮಡಕೆಯನ್ನೇ ಅವಳ ಮೇಲೆ ಸುರುವಿದಳು. ರಾಣಿಯ ವೇಷ ಕಳಚಿತು. ಉಪ್ಪು ಕೆಸರಕೇತನ ಮೈಯ ನೀರನ್ನೆಲ್ಲ ಎಳೆಯಿತು. ಅವನು ಸುರುಟಿ ಸುರುಟಿ ಹಿಡಿ ಮಣ್ಣಾದ.

ಮರುದಿನ ನಿಜವಾದ ರಾಣಿ ಸೌಟಿನಿಂದ ಕಾಯಿ ತೆಗೆದು ಮಗನ ತುಟಿಗಿಟ್ಟಳು. ಕಲ್ಲಿನ ಕೆನ್ನೆ ಕೆಂಪಾಯಿತು. ವೀರಮಾರ ಕಾಯಿ ಕಚ್ಚಿ ಮುಖ ಕಿವುಚಿದ.

“ಅಬ್ಬಬ್ಬಾ, ಏನು ಉಪ್ಪು! ಸ್ವಲ್ಪ ಮೊಸರನ್ನ ಕೊಡಿ.”

ವರ್ಷದ ಮೇಲೆ ರಾಣಿ ನಕ್ಕಳು. ಅಂದು ರಾಜ್ಯಕ್ಕೆ ರಾಜ್ಯವೇ ಒಂದೇ ಪಂಕ್ತಿಯಲ್ಲಿ ಕೂತು ಉಂಡಿತು. ನಾಗಲೆಯನ್ನು ರಾಣಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಆಮೇಲೆ ಎಲ್ಲರೂ ಬಹುಕಾಲ ನೆಮ್ಮದಿಯಾಗಿ ಬಾಳಿದರು.