ಬೀಗ ಬೇಡವೆಂದ ಫೋನು

೨೦೫೮ರ ಜನವರಿ ಒಂಬತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಅಂದು ಮಾತನಾಡುತ್ತಿದ್ದುದು ಇನ್ನೂರ ಹದಿನೇಳು ಫೋನುಗಳು ಮಾತ್ರ. ಸಾರಿಗೆ ನೌಕರರ ಮುಷ್ಕರದ ಸುದ್ದಿ ಹರಡದಿರಲೆಂದು ಟವರುಗಳನ್ನೂ ಫೋನುಗಳ ಚಿಪ್ಪನ್ನೂ ಕೈಯಲ್ಲಿಟ್ಟುಕೊಂಡಿದ್ದ ಕಂಪನಿ ಬೆಳಿಗ್ಗೆ ಒಂದೇ ಒಂದು ಆಜ್ಞೆ ಕಳುಹಿಸಿತ್ತು. ಉಳಿದ ಫೋನುಗಳೆಲ್ಲ ಮೂಕವಾದವು. ಈ ಇನ್ನೂರ ಹದಿನೇಳು ಕೇಳಲಿಲ್ಲ. ಟವರಿನ ಹಂಗಿಲ್ಲದೆ, ಒಂದರಿಂದ ಇನ್ನೊಂದಕ್ಕೆ ಮಾತನ್ನು ದಾಟಿಸುತ್ತ, ತಡವಾದರೂ ಮುಟ್ಟಿಸುತ್ತಿದ್ದವು.

ಅವನ್ನು ರೂಪಿಸಿದವರು ಮೈಸೂರಿನಿಂದ ಬಂದು ನೆಲೆಸಿದ್ದ ರೇಡಿಯೊ ವಿಜ್ಞಾನಿ ವಾಗ್ದೇವಿ. ಪ್ರತಿ ಫೋನಿಗೂ ಎರಡು ಮಿದುಳು. ಪರದೆಯನ್ನು ನಡೆಸುವುದು ಒಡೆಯನ ಮಾತು ಕೇಳುತ್ತದೆ. ಅಲೆಗಳನ್ನು ಕಳಿಸಿ ಹಿಡಿಯುವ ರೇಡಿಯೊ ಚಿಪ್ಪು ಕೇಳುವುದು ತನ್ನ ತಯಾರಕನ ಮಾತನ್ನು. ಬಿಡಿಭಾಗ ಆರಿಸುವಾಗ ವಾಗ್ದೇವಿಯ ಮುಂದೆ ಕಡಲೆಬೇಳೆಯಷ್ಟು ಚಿಕ್ಕದಾದ, ವೇಗದ, ಒಳಗೇನಿದೆಯೆಂದು ಯಾರಿಗೂ ತೋರಿಸದ ಮುಚ್ಚಿದ ಚಿಪ್ಪಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಬ್ಯಾಟರಿ ನುಂಗುವ, ಆದರೆ ಒಳರಚನೆಯ ನಕ್ಷೆ ಎಲ್ಲರಿಗೂ ತೆರೆದ ರೇಡಿಯೊ ಕೂಡ ಇತ್ತು.

“ಬೀಗ ಬೇಡ ಫಕ್ಕೀರಪ್ಪ,” ಎಂದಿದ್ದರು, ಖರೀದಿ ನೋಡಿಕೊಳ್ಳುತ್ತಿದ್ದವನಿಗೆ.

ಕಂಪನಿಯ ಆ ಮುಚ್ಚಿದ ಚಿಪ್ಪು ಮಾರುತ್ತಿದ್ದವನು ಫಕ್ಕೀರಪ್ಪನ ಸೊಸೆಯ ತಂದೆ ರುದ್ರಗೌಡ. ಫಕ್ಕೀರಪ್ಪ ನೆಟ್ಟಗೆ ಅವನಲ್ಲಿಗೆ ಹೋಗಿ, “ಬೀಗರು ಬ್ಯಾಡಂದಾರ್ರಿ ಅಕ್ಕಾರು,” ಎಂದು ಹೇಳಿ ಬಂದಿದ್ದ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಫೋನುಗಳು ಮೂಕವಾದ ಆ ದಿನ ರುದ್ರಗೌಡ ಕಂಪನಿಯ ಒಪ್ಪಂದ ಹಿಡಿದು ವಾಗ್ದೇವಿಯ ಕಾರ್ಯಾಗಾರಕ್ಕೆ ತಾನೇ ಬಂದಿದ್ದ.

“ಸಹಿ ಮಾಡ್ರಿ ಅಕ್ಕಾರ. ನಮ್ಮ ಚಿಪ್ಪು ಕೂಡಿಸಿದ್ರ ಟವರ್ ಕೊಡ್ತೀವಿ. ಇಲ್ಲಂದ್ರ ನಾಳೆ ಎಲ್ಲಾ ಜಪ್ತಿ.”

“ಮಾಡಿ. ನಕ್ಷೆ ಊರಿಗೆಲ್ಲ ಹಂಚಿ ಆಗಿದೆ, ಅದನ್ನ ಹೇಗೆ ಜಪ್ತಿ ಮಾಡ್ತೀರಿ? ಅಂದ ಹಾಗೆ ಗೌಡರೇ, ನಿಮ್ಮ ಫೋನು ನಡೀತಿದೆಯಾ?”

ರುದ್ರಗೌಡನ ದನಿ ಇಳಿಯಿತು. “ಇಲ್ರಿ. ಮಗಳು ಧಾರವಾಡದ ದವಾಖಾನ್ಯಾಗ ಹೆರಿಗಿಗೆ ಅದಾಳ. ಮುಂಜಾನಿಂದ ಏನೂ ಸುದ್ದಿಲ್ಲ.”

ಫಕ್ಕೀರಪ್ಪ ಸ್ಟೂಲು ಮುಂದೆ ಸರಿಸಿದ. “ಕುಂದರ್ರಿ ಬೀಗರ. ಮಗ ಅಲ್ಲೇ ಅದಾನ. ಅವನ ಕೈಯಾಗ ನಮ್ಮ ಫೋನ್ ಐತಿ.”

ಮುಷ್ಕರಕ್ಕೆಂದು ರಸ್ತೆಯುದ್ದಕ್ಕೂ ನಿಂತ ಬಸ್ಸುಗಳಲ್ಲಿದ್ದ ಚಾಲಕರ ಇಂಥದೇ ಫೋನಿನಿಂದ ಫೋನಿಗೆ ಜಿಗಿಯುತ್ತ ಪ್ರಶ್ನೆ ಹೋಯಿತು. ಉತ್ತರ ತಡೆದು ತಡೆದು ಬಂತು: “ಹೆಣ್ಣು... ಇಬ್ರೂ ಆರಾಮ.”

ರುದ್ರಗೌಡ ಕಣ್ಣೊರೆಸಿಕೊಂಡ. “ಈ ಋಣ ಹೆಂಗ ತೀರಸ್ಲಿ ಅಕ್ಕಾರ?”

“ಋಣ ನನಗೆ ತೀರಿಸೋದಲ್ಲ. ಈ ನಕ್ಷೆ ಕೊಟ್ಟವರ ಮುಖ ನಾನೂ ನೋಡಿಲ್ಲ. ಕೇಳಿದವರಿಗೆ ತೋರಿಸಬೇಕು, ಅದೊಂದೇ ಕರಾರು. ತೀರಿಸಬೇಕಂದ್ರೆ ನಿಮ್ಮ ಚಿಪ್ಪಿನ ನಕ್ಷೆ ತನ್ನಿ. ಅವತ್ತು ಸಹಿ ಮಾಡ್ತೀನಿ.”

“ಅದನ್ನ ನಮಗೂ ತೋರ್ಸಂಗಿಲ್ರಿ.”

“ಮತ್ತೆ ಆ ಬೀಗಾನ ಜೇಬಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ? ಮೂವತ್ತು ವರ್ಷದ ಹಿಂದೆಯೂ ಎಲ್ಲರ ಜೇಬಲ್ಲೂ ಇತ್ತು. ಫೋನು ಇನ್ನೂ ಮಾತಾಡ್ತಿದ್ದಾಗ ಯಾರೂ ಕೇಳಲಿಲ್ಲ.”

ಫಕ್ಕೀರಪ್ಪ ಹಣೆ ಚಚ್ಚಿಕೊಂಡ. “ಅಯ್ಯ! ಅವತ್ತ ಕೀಲಿ ಬ್ಯಾಡ ಅನ್ನಬೇಕಿತ್ರಿ ಅಕ್ಕಾರ! ನಮ್ಮ ಕಡೆ ಬಾಗಿಲಿಗೆ ಹಾಕೋದು ಕೀಲಿ, ಬೀಗ ಅಂದ್ರ ಇವರು!”

ಇಬ್ಬರು ಬೀಗರೂ ನಕ್ಕರು. ರುದ್ರಗೌಡ ಸಹಿಯಿಲ್ಲದ ಒಪ್ಪಂದವನ್ನು ಮಡಚಿ, ಕಂಪನಿಯನ್ನು ಕೇಳಿ ನಕ್ಷೆ ತರುವೆನೆಂದು ಮಾತುಕೊಟ್ಟು ಹೋದ.

ಕಂಪನಿ ಕೊಟ್ಟಿಲ್ಲ. ಆತ ಕೇಳುತ್ತಲೇ ಇದ್ದಾನೆ. ಋಣ ಇನ್ನೂ ಬಾಕಿಯಿದೆ.