ಐದನೇ ಪೆಟ್ಟಿಗೆ

ದಿವ್ಯಾ ಉಲ್ಲಾಸನ ಕೂದಲಲ್ಲಿ ಸಿಕ್ಕಿದ್ದ ಹುಲ್ಲುಕಡ್ಡಿ ತೆಗೆದದ್ದನ್ನು ನಾನು ಕಣ್ಣಾರೆ ಕಂಡೆ. ಎರಡೇ ಬೆರಳಲ್ಲಿ, ಮೆಲ್ಲಗೆ. ಅವನು ಕ್ಯಾಮೆರಾದಿಂದ ಕಣ್ಣು ಕೀಳದೆ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಹೆಗಡೆಕಟ್ಟಾದಲ್ಲಿ ನನ್ನವು ಹನ್ನೆರಡು ಜೇನುಪೆಟ್ಟಿಗೆಗಳು. ಮೂರು ವರ್ಷದ ಹಿಂದೆ ವಜ್ರಳ್ಳಿಯ ಉಲ್ಲಾಸ ಜೇನುತುಪ್ಪ ಕೊಳ್ಳಲು ಬಂದಿದ್ದ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವನು. ಆ ದಿನ ಅಡಿಯ ಕಸ ಗುಡಿಸಲೆಂದು ಐದನೇ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಿದ್ದೆ. ಹೂವಿನಿಂದ ಮರಳಿದ ಹುಳಗಳು ಪೆಟ್ಟಿಗೆ ಮೊದಲಿದ್ದ ಜಾಗದಲ್ಲೇ ಸುತ್ತತೊಡಗಿದವು.

"ಪೆಟ್ಟಿಗೆ ಇಲ್ಲೇ ಇದ್ದಲ, ಕಾಣ್ತಿಲ್ಯ ಇವಕ್ಕೆ?"

"ಹುಳ ಪೆಟ್ಟಿಗೆ ನೋಡಿ ಬತ್ತಿಲ್ಲೆ, ಜಾಗ ನೋಡಿ ಬತ್ತು," ಎಂದಿದ್ದೆ.

ಅವನು ಎರಡು ಗಂಟೆ ಕೂತು ನೋಡಿದ. ಬ್ಯಾಂಕ್ ಪರೀಕ್ಷೆ ಬಿಟ್ಟ. ಜೇನು ಹಾರುವ ಬಗೆಯೇ ಅವನ ಓದಾಯಿತು. ವರ್ಷಕ್ಕೆ ನಾಲ್ಕು ಸಲ ತುಪ್ಪಕ್ಕೆ ಬರುತ್ತಿದ್ದ. ಒಬ್ಬನೇ ಅಷ್ಟು ತುಪ್ಪ ಏನು ಮಾಡುತ್ತಿದ್ದನೋ. ಅವನ ತಲೆ ಕೆಡಿಸಿದವಳು ನಾನು, ತಲೆ ಮುಟ್ಟುವವಳು ಅವಳು.

ಈಗ ಅದೇ ಪೆಟ್ಟಿಗೆಯ ಮುಂದೆ, ಅದು ಅಲುಗದಂತೆ ಸತತ ಐದು ದಿನ ರೆಕ್ಕೆ ಬಡಿತದ ವಿಡಿಯೊ ತೆಗೆಯಲು, ಹಾವೇರಿ ಕಡೆಯ ದಿವ್ಯಾಳನ್ನು ತಾನು ಓದುವ ಲ್ಯಾಬಿನಿಂದ ಕರೆತಂದಿದ್ದ. ಇಬ್ಬರದೂ ಇಂಗ್ಲಿಷಿನಲ್ಲಿ ಗುಸುಗುಸು. ನಾನು ಚಹಾ ಕೊಡುವವಳು. ನಾಳೆ ಕೆಲಸ ಮುಗಿದರೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಾರೆ, ನಾನು ಅವನನ್ನು ಕಳೆದುಕೊಂಡಂತೆಯೇ.

ಬೆಳಿಗ್ಗೆ ಅವರು ಬರುವ ಮೊದಲೇ ಐದನೇ ಪೆಟ್ಟಿಗೆಯನ್ನು ಎತ್ತಿ ಹತ್ತು ಹೆಜ್ಜೆ ಆಚೆ ಇಟ್ಟೆ.

ಅವರು ಬಂದಾಗ ಹುಳಗಳು ಹಳೆ ಜಾಗದಲ್ಲಿ ಗಿರಕಿ ಹೊಡೆಯುತ್ತಿದ್ದವು. "ಐದು ದಿನದ ಕೆಲಸ ಹಾಳಾತಲ್ರಿ," ಎಂದು ದಿವ್ಯಾ ಹಣೆ ಹಿಡಿದುಕೊಂಡಳು. ಆಗ ನನಗೆ ನಾಚಿಕೆಯಾಯಿತು.

ಉಲ್ಲಾಸ ಹುಳಗಳನ್ನು ನೋಡಿದ, ಆಮೇಲೆ ನನ್ನನ್ನು. "ಬೇರೆ ಯಾರಾರು ಮಾಡಿದ್ರೆ ಗೊತ್ತಿಲ್ದೆ ಆತು ಹೇಳ್ಲಾಗಿತ್ತು. ಹುಳ ಜಾಗ ನೋಡಿ ಬತ್ತು ಹೇಳಿ ಯಂಗೆ ಕಲಿಸಿದ್ದೇ ನೀನು. ಎಂತಕ್ಕೆ ಮಾಡ್ದೆ ತನುಜಾ?"

"ಹುಲ್ಲುಕಡ್ಡಿ," ಎಂದೆ. ಬಾಯಿಗೆ ಬೇರೇನೂ ಬರಲಿಲ್ಲ. "ನಿನ್ನೆ ದಿವ್ಯಾ ನಿನ್ನ ಕೂದಲಿಂದ ತೆಗೆದಿದ್ದು. ಯಂಗೆ ಅದನ್ನ ನೋಡಿ ತಡ್ಕಂಬಲೆ ಆಜಿಲ್ಲೆ."

ದಿವ್ಯಾ ನಮ್ಮಿಬ್ಬರನ್ನೂ ನೋಡಿ ನಕ್ಕುಬಿಟ್ಟಳು. "ನಮ್ಮ ಲ್ಯಾಬ್ ಹಿಂದ ಹತ್ತು ಪೆಟ್ಟಿಗಿ ಅದಾವ್ರಿ. ಅಲ್ಲೇ ಮಾಡೂಣು ಅಂದ್ರ, ಹೆಗಡೆಕಟ್ಟಾದ ಜೇನೇ ಬೇಕಂತ ಈ ಮನಿಷ್ಯಾ ಎರಡು ವರ್ಷದಿಂದ ನಮ್ಮ ಜೀವಾ ತಿಂತಾನ. ಇಬ್ರೂ ಮಾತಾಡ್ರಿ." ಹಾಗೆಂದು ರಸ್ತೆಯ ಕಡೆ ನಡೆದಳು.

ಉಲ್ಲಾಸನ ಕಿವಿ ಕೆಂಪಾಗಿತ್ತು. "ವಿಡಿಯೊ ಮತ್ತೆ ಮೊದಲಿಂದ ಶುರು. ಇನ್ನೈದು ದಿನ ಇಲ್ಲೇ."

"ಆಮೇಲೆ?"

"ಆಮೇಲೆ ಅಪ್ಪನ್ನ ಕರ್ಕಂಡು ನಿಮ್ಮನೆಗೆ ಬಪ್ಪದು. ಅಲ್ಲಿವರೆಗೆ ಪೆಟ್ಟಿಗೆ ಸರಿಸಡ."

ಒಂದು ಬದಿ ಅವನು, ಒಂದು ಬದಿ ನಾನು ಹಿಡಿದು ಪೆಟ್ಟಿಗೆಯನ್ನು ಹಳೆ ಜಾಗಕ್ಕೆ ತಂದಿಟ್ಟೆವು. ಹುಳಗಳು ಒಂದೊಂದಾಗಿ ಒಳಹೋದವು. ಅವನು ಬಗ್ಗಿ ಅವನ್ನೇ ನೋಡುತ್ತಿದ್ದ.

ಅವನ ಕೂದಲಲ್ಲಿ ಹುಲ್ಲುಕಡ್ಡಿ ಇರಲಿಲ್ಲ. ಆದರೂ ತೆಗೆದೆ.