ಬಣ್ಣ ಹಚ್ಚಿದ ಮರಳು

ಉತ್ತರ ದಂಡೆಯಿಂದ ತಂದ ಮರಳಿನಲ್ಲಿ ಕಿತ್ತಳೆ ಕಣಗಳು ಹೊಳೆಯುವುದನ್ನು ಕಂಡು ಲ್ಯಾಬಿನ ಮೇಡಂ ನನ್ನ ಬೆನ್ನು ತಟ್ಟಿದರು. ಅವರಿಗೆ ಹಿಗ್ಗು. ನನಗೋ, ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸುತ್ತಿತ್ತು.

ಊರಿನ ಕಡಲದಂಡೆ ಸವೆಯುತ್ತಿದೆ. ಮರಳು ಎಲ್ಲಿಂದ ಬಂದು ಎತ್ತ ಹೋಗುತ್ತದೆಂದು ತಿಳಿದರೆ ತಡೆಗೋಡೆ ಎಲ್ಲಿ ಬೇಕೆಂದು ನಮ್ಮ ಲ್ಯಾಬು ಹೇಳಬಲ್ಲದು. ಬೆಟ್ಟದ ಬಂಡೆಗಳ ಪುಡಿಯನ್ನು ನದಿ ತಂದು ಕಡಲಿಗೆ ಸುರಿಯುತ್ತದೆ. ಅಲೆ ಓರೆಯಾಗಿ ದಂಡೆ ಹತ್ತಿ ನೆಟ್ಟಗೆ ಇಳಿಯುತ್ತದೆ. ಪ್ರತಿ ಸಲವೂ ಕಣ ಚೂರು ಪಕ್ಕಕ್ಕೆ ಸರಿಯುತ್ತದೆ. ಹೀಗೆ ಸರಿಯುತ್ತ ದಕ್ಷಿಣಕ್ಕೆ ಹೋಗುತ್ತದೆ ಎಂಬುದು ಇಷ್ಟು ದಿನದ ಲೆಕ್ಕ.

ಇದನ್ನು ಪರೀಕ್ಷಿಸಲು ನದಿಮುಖದ ಮರಳಿಗೆ ನಾನು ಬಣ್ಣ ಹಚ್ಚುತ್ತೇನೆ. ನೇರಳೆ ದೀಪದ ಕೆಳಗೆ ಮಾತ್ರ ಅದು ಕಿತ್ತಳೆಯಾಗಿ ಹೊಳೆಯುತ್ತದೆ. ಬೋಟಿನವರು ಅದನ್ನು ನೀರಿಗೆ ಬಿಡುತ್ತಾರೆ. ಆಮೇಲೆ ಸರ್ವೇಯರ್ ದಂಡೆಗಳ ಮರಳನ್ನು ಚೀಲಗಳಲ್ಲಿ ತುಂಬಿ ತರುತ್ತಾನೆ. ಬಣ್ಣ ಮುಟ್ಟಿದ ಕೈ ಅವನ ಚೀಲಗಳ ಹತ್ತಿರ ಸುಳಿಯಬಾರದು.

ಚೀಲಗಳ ಹತ್ತಿರ ನಾನು ಸುಳಿದಿರಲಿಲ್ಲ.

ಹಿಂದಿನ ದಿನ ಬಣ್ಣ ಹಚ್ಚಿ ಮುಗಿಸುವಷ್ಟರಲ್ಲಿ ನನಗೆ ಬಸ್ಸು ತಪ್ಪಿತ್ತು. ಲ್ಯಾಬಿನ ಜೀಪಿನಲ್ಲಿ ಉತ್ತರ ದಂಡೆಗೆ ಹೊರಟಿದ್ದ ಸರ್ವೇಯರ್, ನಿಮ್ಮ ಮನೆ ದಾರಿಯಲ್ಲೇ ಇದೆಯಲ್ಲ, ಬನ್ನಿ ಎಂದ. ಖಾಲಿ ಚೀಲಗಳನ್ನು ಡ್ರೈವರ್ ಪಕ್ಕಕ್ಕಿಟ್ಟು ಹಿಂದೆ ನನ್ನ ಜೊತೆ ಕೂತವನು, ತಿರುವು ಕಳೆಯುವಷ್ಟರಲ್ಲಿ ನಿದ್ದೆಹೋದ. ಕೂದಲು ಕಣ್ಣಿಗೆ ಬಿದ್ದಿತ್ತು. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವಳೆಂದು ಅಕ್ಕ ನನ್ನನ್ನು ಆಡಿಕೊಳ್ಳುತ್ತಾಳೆ. ಕೈಗೆ ಬೀಗ ಹಾಕಿರಲಿಲ್ಲ. ಅವನ ಕೂದಲನ್ನು ಮೆಲ್ಲಗೆ ಹಿಂದೆ ಸರಿಸಿದೆ. ಆಮೇಲೆ, ಯಾಕೋ, ಅಂಗೈಯನ್ನು ಅವನ ಹೆಗಲ ಮೇಲೆ ಇಟ್ಟು ಮನೆ ಬರುವವರೆಗೂ ತೆಗೆಯಲಿಲ್ಲ.

ಈಗ ಮೇಡಂ ಅವನನ್ನೂ ಕತ್ತಲೆ ಕೋಣೆಗೆ ಕರೆದರು. ಮರಳು ಉತ್ತರಕ್ಕೂ ಹೋಗುವುದಾದರೆ ತಡೆಗೋಡೆಯ ನಕ್ಷೆಯನ್ನೇ ಬದಲಿಸಬೇಕೆನ್ನುತ್ತ ಟ್ರೇ ತೋರಿಸಿದರು. ನೋಡಲು ಅವನು ಬಾಗಿದ. ನಿನ್ನೆಯದೇ ಜಾಕೆಟ್ಟು. ದೀಪದ ಬೆಳಕು ಹೆಗಲಿಗೆ ಬಿತ್ತು.

ಐದು ಬೆರಳೂ ಒಂದು ಅಂಗೈಯೂ ಕಿತ್ತಳೆಯಾಗಿ ಹೊಳೆದವು. ಹಣೆಯ ಕೂದಲಿನಲ್ಲೂ ಚುಕ್ಕಿಗಳು.

ಮೇಡಂ ದೀಪವನ್ನು ಅವನ ಹೆಗಲ ಹತ್ತಿರಕ್ಕೆ ತಂದರು. ನನ್ನ ಕಿವಿ ಸುಡುತ್ತಿತ್ತು.

"ಏನ್ರೀ ಇದು?"

ಅವನು ಹೆಗಲು ನೋಡಿಕೊಂಡ. ನನ್ನ ಕಡೆ ತಿರುಗಲೇ ಇಲ್ಲ. "ನಾನೇ ಬಣ್ಣದ ಡಬ್ಬಿ ಮುಟ್ಟಿದ್ದೆ, ಮೇಡಂ. ತಪ್ಪಾಯ್ತು."

ಹಾಗಿದ್ದರೆ ಇನ್ನು ಮುಂದೆ ಅವನನ್ನು ದಂಡೆಗೆ ಕಳಿಸಲಾಗದು, ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು ಮೇಡಂ. ಅವನು ತಲೆಯಾಡಿಸಿದ. ಅವನ ಕೆಲಸ ನನ್ನ ಕಣ್ಣೆದುರೇ ಹೋಗುತ್ತಿತ್ತು. ನಾನು ಇನ್ನೂ ಮೇಜಿನ ಅಂಚು ಹಿಡಿದು ನಿಂತಿದ್ದೆ.

"ಅದು ನನ್ನ ಕೈ," ಎಂದೆ. ಕೇಳಿಸಲಿಲ್ಲವೆನ್ನಿಸಿ ಮತ್ತೊಮ್ಮೆ ಹೇಳಿದೆ. "ಮೇಡಂ, ಅದು ನನ್ನ ಕೈ. ಇವರು ನಿದ್ದೆ ಮಾಡ್ತಿದ್ರು."

ಮೇಡಂ ನನ್ನ ಕೈ ನೋಡಿದರು, ಅವನ ಹೆಗಲು ನೋಡಿದರು. "ಹೌದು, ಅಳತೆ ಹೊಂದುತ್ತೆ," ಎಂದರು, ಜರಡಿಯ ಬಗ್ಗೆ ಹೇಳುವ ದನಿಯಲ್ಲೇ. ಉತ್ತರದ ಮರಳನ್ನೆಲ್ಲ ಚೆಲ್ಲಿ, ನಾಳೆ ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡು ಹೋಗಿ ಹೊಸದಾಗಿ ತರಬೇಕೆಂದು ಅವನಿಗೆ ಹೇಳಿ ಹೊರಟುಹೋದರು.

ನಾನು ತಲೆ ತಗ್ಗಿಸಿ ಟ್ರೇ ಒರೆಸತೊಡಗಿದೆ. ಒರೆಸಿದ್ದನ್ನೇ ಒರೆಸಿದೆ.

"ನಿದ್ದೆ ಬಂದಿರ್ಲಿಲ್ಲ," ಎಂದ ಅವನು.

ಸತ್ತೇಹೋಗಬೇಕೆನ್ನಿಸಿತು. "ಮತ್ತೆ ಯಾಕೆ ಸುಮ್ನಿದ್ರಿ?"

"ಕಣ್ಣು ಬಿಟ್ಟಿದ್ರೆ ಕೈ ತೆಗೀತಿದ್ರಲ್ಲ."

ಬಟ್ಟೆ ಕೈಜಾರಿ ಬಿತ್ತು. ಅವನು ಬಾಗಿ ಎತ್ತಿಕೊಟ್ಟ. ಬಟ್ಟೆಯ ಇನ್ನೊಂದು ತುದಿಯನ್ನು ಮಾತ್ರ ಬಿಡಲಿಲ್ಲ.

"ಲೈಟ್ ಹಾಕ್ಲಾ?"

"ಬೇಡ," ಎಂದೆ. "ಸ್ವಲ್ಪ ಹೊತ್ತು ಬೇಡ."